ಟೋಪಿಯ ಒಳಮೈ

ಜೂನ್ ೩, ಬುಧವಾರ

ನನ್ನ ಕಾದಂಬರಿಯ ಒಂಬತ್ತನೆಯ ಅಧ್ಯಾಯ ಓದಿದೆ. ಪ್ರಾರ್ಥನಾ ಕೂಟದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಪ್ರಕಾಶಕರ ಯಾವ ಹೊಗಳಿಕೆಗಿಂತಲೂ ನನಗೆ ಇದೇ ದೊಡ್ಡದು.

ಹೊಸದಾಗಿ ಬಂದಾಕೆ ಒಬ್ಬಳು ಪಿಳಿಪಿಳಿ ಕಣ್ಣು ಬಿಡುತ್ತಿದ್ದಳು. ಅವಳಿಗೆ ನಮ್ಮ ಪದ್ಧತಿ ವಿವರಿಸಬೇಕಾಯಿತು. ನಾನು ವಕೀಲಿ ಬಿಟ್ಟು ಕೋರ್ಟಿನ ಕಾದಂಬರಿ ಬರೆಯಲು ಕೂತಂದಿನಿಂದ ನಡೆದುಬಂದದ್ದು ಇದು. ಬುಧವಾರ ಮಧ್ಯಾಹ್ನ ನಮ್ಮ ಚರ್ಚಿನ ಸಭೆಯ ಹೆಂಗಸರು ಪಾದ್ರಿ ಅಯ್ಯನವರ ಮನೆಯ ಹಿಂದಿನ ಕೋಣೆಯಲ್ಲಿ ಸೇರುತ್ತಾರೆ. ನಾನು ಬರೆದಷ್ಟನ್ನು ಓದುತ್ತೇನೆ. ಮುಗಿದ ಕೂಡಲೇ ಎಲ್ಲರೂ ಆಮೆನ್ ಅನ್ನುತ್ತಾರೆ. ಆಮೇಲೆ ಒಬ್ಬೊಬ್ಬರು ಒಂದೊಂದು ಪಾತ್ರವನ್ನು ಹಂಚಿಕೊಂಡು, ಮುಂದಿನ ಬುಧವಾರದವರೆಗೆ ಆ ಪಾತ್ರಕ್ಕಾಗಿ ದಿನಾ ಮೊಣಕಾಲೂರುತ್ತಾರೆ. ಇಲ್ಲದ ಜನಕ್ಕೆ ಪ್ರಾರ್ಥನೆಯೇ ಎಂದು ಯಜಮಾನರು ಒಮ್ಮೆ ಕೇಳಿದ್ದರು. ಇರುವ ಜನಕ್ಕೆ ಮಾಡಿ ಏನು ಉದ್ಧಾರವಾಗಿದೆ ಎಂದು ಬಾಯಿ ಮುಚ್ಚಿಸಿದ್ದೆ.

ಇವತ್ತಿನ ಭಾಗದಲ್ಲಿ ಕೊಲೆಗಾರ ಗಂಟೆಗೋಪುರದಿಂದ ಹೊರಗೆ ಬರುತ್ತಾನೆ. ಎದುರುಮನೆಯ ಕಿಟಕಿಯಿಂದ ಒಬ್ಬ ಹೆಂಗಸು ನೋಡುತ್ತಾಳೆ. ಅವನು ಟೋಪಿ ತೆಗೆದು, ಎರಡೂ ಕೈಗಳನ್ನು ಅದರ ಒಳಮೈಗೆ ಒರೆಸಿಕೊಂಡು, ಮತ್ತೆ ಅದನ್ನೇ ತಲೆಗೆ ಹಾಕಿಕೊಂಡು ಹೋಗುತ್ತಾನೆ. ಅಲ್ಲಿಗೆ ಬಂದಾಗ ಯಾರೋ 'ಅಯ್ಯೋ ದೇವರೇ' ಅಂದರು. ನಾಲ್ಕು ಹಾಳೆ ರಕ್ತ ಹರಿಸಿದ್ದರೂ ಅಷ್ಟು ತಟ್ಟುತ್ತಿರಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕು.

ಕಿಟಕಿಯ ಹೆಂಗಸನ್ನು ದೊಡ್ಡಮ್ಮ ಯಾರಿಗೂ ಬಿಟ್ಟುಕೊಡಲಿಲ್ಲ. ಅವಳಿಗೆ ಧೈರ್ಯ ಬರಲಿ, ಕಂಡದ್ದನ್ನು ಕೋರ್ಟಿನಲ್ಲಿ ಹೇಳುವಂತಾಗಲಿ ಎಂದು ಕಣ್ಣೀರು ಹಾಕಿಕೊಂಡು ಪ್ರಾರ್ಥಿಸಿದಳು. ಆಮೇಲೆ ಪ್ರತಿ ವಾರದ ಹಾಗೆ ನನ್ನ ಸೆರಗು ಹಿಡಿದು, 'ಆಮೇಲೆ ಏನಾಯ್ತೇ?' ಎಂದು ಕೇಳಿದಳು. ಮುಂದಿನ ಬುಧವಾರ ಅಂದೆ.

ಇದು ಸತ್ತ ನನ್ನ ತಮ್ಮನ ಕಥೆಯಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಕಥೆಯಲ್ಲಿ ಸಾಯುವುದು ಒಬ್ಬ ಮುದುಕ ಪಾದ್ರಿ. ಹೆಣ ಒಂದನ್ನು ಬದಲಾಯಿಸಿದ್ದೀಯ, ಅಷ್ಟೇ ಅನ್ನುತ್ತಾರೆ ಯಜಮಾನರು. ಅನ್ನಲಿ. ತಮ್ಮನನ್ನು ನಮ್ಮ ಚರ್ಚಿನ ಗಂಟೆಗೋಪುರದ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಕಂಡು ಇನ್ನೂ ವರ್ಷ ತುಂಬಿಲ್ಲ. ನೂಕಿದ ಆ ಪಾಪಿ ಜೈಲಿನಲ್ಲಿದ್ದಾನೆ, ಮುಂದಿನ ತಿಂಗಳು ವಿಚಾರಣೆ. ಕರ್ತನೇ, ನೀನೇ ಎಲ್ಲರ ಕಥೆ ಬರೆಯುವವನು. ಇದರ ಕೊನೆಯನ್ನೂ ನೀನೇ ನ್ಯಾಯವಾಗಿ ಬರೆ.

ಜೂನ್ ೭, ಭಾನುವಾರ

ಗೋಪುರದ ಬಾಗಿಲಿಗೆ ಇನ್ನೂ ಹಲಗೆ ಹೊಡೆದಿದೆ. ತಮ್ಮ ಹೋದ ಮೇಲೆ ಗಂಟೆ ಬಾರಿಸಿಲ್ಲ. ಆರಾಧನೆಗೆ ಜನ ಈಗ ಗಡಿಯಾರ ನೋಡಿಕೊಂಡು ಬರುತ್ತಾರೆ, ಅದಕ್ಕೇ ಅರ್ಧ ಜನ ತಡ.

ಆ ಪಾಪಿಯ ಹೆಂಡತಿ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಎಂಥ ಧೈರ್ಯ. ಇಡೀ ಬೆಂಚು ಅವಳೊಬ್ಬಳಿಗೇ ಬಿಟ್ಟುಕೊಟ್ಟಿದ್ದರು. ನಾನು ತಿರುಗಿ ನೋಡಲಿಲ್ಲ. ನೋಡದೆ ಇದ್ದದ್ದು ಅವಳಿಗೆ ಕಾಣುವ ಹಾಗೆ ನೋಡಿಕೊಂಡೆ.

ಜೂನ್ ೧೮, ಗುರುವಾರ

ಪ್ರಕಾಶಕರ ಫೋನು. ಕೊನೆಯ ಅಧ್ಯಾಯದಲ್ಲಿ ಕೊಲೆಗಾರ ಕಟಕಟೆಯಲ್ಲೇ ಮೊಣಕಾಲೂರಿ ತಪ್ಪೊಪ್ಪಿಕೊಳ್ಳಬೇಕಂತೆ. ಓದುಗರು ಪುಸ್ತಕ ಮುಚ್ಚುವಾಗ ಎದೆ ಹಗುರಾಗಬೇಕು ಎಂದರು. ನನ್ನ ಮೂರು ಪುಸ್ತಕಗಳೂ ಹಾಗೆಯೇ ಮುಗಿದಿವೆ. ಈ ಸಲ ಅವನನ್ನು ಅಷ್ಟು ಸುಲಭವಾಗಿ ಅಳುವಂತೆ ಮಾಡಲು ನನಗೆ ಮನಸ್ಸಿಲ್ಲ, ಮೊದಲು ಚೆನ್ನಾಗಿ ಬೆವರಲಿ ಅಂದೆ. ಅವರು ನಕ್ಕರು.

ಜೂನ್ ೨೪, ಬುಧವಾರ

ಕೂಟ ಮುಗಿಸಿ ತಮ್ಮನ ಕೋಣೆಗೆ ಹೋದೆ. ಬಾಡಿಗೆ ಕೋಣೆ, ಇಷ್ಟು ದಿನ ನಾವೇ ಬಾಡಿಗೆ ಕಟ್ಟಿ ಇಟ್ಟುಕೊಂಡಿದ್ದೆವು, ಬರುವ ತಿಂಗಳು ಖಾಲಿ ಮಾಡಿಕೊಡಬೇಕು. ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದ ಹಾರ್ಮೋನಿಯಂ ಮೇಲೆ ಬಟ್ಟೆಯ ರಾಶಿ ಬಿದ್ದಿತ್ತು. ಕೆಳಗಿನ ಬಟ್ಟೆ ಧೂಳಿನಿಂದ ಗಟ್ಟಿಯಾಗಿತ್ತು. ಅವನು ಹೋಗುವ ಮೊದಲೇ ಬಹಳ ದಿನದಿಂದ ಅದನ್ನು ತೆರೆದ ಹಾಗಿಲ್ಲ. ಕೆಲಸ ಹೆಚ್ಚಿರಬೇಕು.

ಸಭೆಯ ಗಾನತಂಡ ಅವನದೇ, ಗಂಟೆಯೂ ಅವನದೇ. ದಿನಾ ಸಂಜೆ ಗೋಪುರದ ಬಾಗಿಲು ಹಾಕಿಕೊಂಡು, ಎದುರಿನ ದೊಡ್ಡಮ್ಮನ ಕಿಟಕಿಗೆ ಒಮ್ಮೆ ಕೈ ಎತ್ತಿ ಹೋಗುತ್ತಿದ್ದ. ಅಮ್ಮ ಸತ್ತ ಮೇಲೆ ನಮ್ಮಿಬ್ಬರನ್ನೂ ಎತ್ತಿ ಆಡಿಸಿದವಳು ಅವಳು. ನನಗಿಂತ ಅವನೆಂದರೆ ಅವಳಿಗೆ ಒಂದು ಹಿಡಿ ಜಾಸ್ತಿ.

ಕೊನೆಯ ಸಲ ಮನೆಗೆ ಬಂದಾಗ ಅವನು ಒಂದು ಮಾತು ಹೇಳಿದ್ದ. 'ಅಕ್ಕಾ, ನಿನ್ನ ಕಥೇಲಿ ಆಗೋದಕ್ಕೆಲ್ಲ ಒಂದು ಕಾರಣ ಇರುತ್ತೆ ಅಲ್ವಾ? ಚೆನ್ನಾಗಿರುತ್ತೆ.' ಒಳ್ಳೆಯ ಸಾಲು ಎಂದುಕೊಂಡು ಕ್ಯಾಲೆಂಡರ್ ಹಿಂದೆ ಗುರುತು ಹಾಕಿಕೊಂಡೆ. ಅವನಿಗೆ ಕಾಫಿ ಕೊಟ್ಟೆನೋ ಇಲ್ಲವೋ ನೆನಪಿಲ್ಲ.

ಜುಲೈ ೭, ಮಂಗಳವಾರ

ವಿಚಾರಣೆ ಶುರು. ಕಪ್ಪು ಕೋಟು ಬಿಟ್ಟು ಎಷ್ಟೋ ಕಾಲವಾಯಿತು, ಆದರೂ ಕೋರ್ಟಿನ ವಾಸನೆ ಬದಲಾಗಿಲ್ಲ. ಹಳೇ ಕಾಗದ, ಫಿನೈಲು, ಬೆವರು. ಪಂಖ ತಿರುಗುತ್ತದೆ, ಗಾಳಿ ಮಾತ್ರ ಎಲ್ಲಿಗೂ ಬರುವುದಿಲ್ಲ.

ಕೊಲೆಗಾರ ನಾನು ನೆನೆಸಿಕೊಂಡಷ್ಟು ಎತ್ತರ ಇಲ್ಲ. ಕಾದಂಬರಿಯಲ್ಲಿ ಅವನಿಗೆ ಅಗಲವಾದ ಭುಜ ಕೊಟ್ಟಿದ್ದೇನೆ. ಈ ಮನುಷ್ಯ ಕಟಕಟೆಯ ಕಂಬಿ ಹಿಡಿದು ನಿಂತು, ಅದರ ಸಂದು ಸಡಿಲವಾಗಿರುವುದನ್ನು ಕಂಡು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದ.

ಗೋಪುರದ ಮೆಟ್ಟಿಲು ದುರಸ್ತಿಗೆ ಸಭೆಯ ಹಿರಿಯರು ಕರೆಸಿದ ಬಡಗಿ ಅವನು. ಕೆಲಸ ಎಳೆದಾಡುತ್ತಿದ್ದಾನೆ, ಬಿಡಿಸಿ ಎಂದು ನನ್ನ ತಮ್ಮ ಹಿರಿಯರಿಗೆ ದೂರು ಹೇಳಿದ್ದನಂತೆ. ಆ ಸಂಜೆ ಇಬ್ಬರಿಗೂ ಜಗಳವಾದದ್ದನ್ನು ಅಂಗಳದಲ್ಲಿದ್ದವರು ಕೇಳಿದ್ದಾರೆ. ಜಗಳವಲ್ಲ, ಮೇಲಿನ ಮೆಟ್ಟಿಲುಗಳಿಗೆ ಇನ್ನೂ ಮೊಳೆ ಹೊಡೆದಿಲ್ಲ, ಹತ್ತಬೇಡಿ ಎಂದು ಕೂಗಿದ್ದು ಅಷ್ಟೇ ಎಂದು ಅವನ ವಕೀಲ ಹೇಳಿದ. ಹೇಳದೆ ಇನ್ನೇನು ಮಾಡುತ್ತಾನೆ. ಆ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ನಾಡಿದ್ದು ದೊಡ್ಡಮ್ಮನ ಸಾಕ್ಷಿ. ಅವಳು ಪೊಲೀಸರಿಗೆ ಆಗ ಹೇಳಿದ್ದು ಇಷ್ಟೇ, ಮಸುಕು ಬೆಳಕಿನಲ್ಲಿ ಬಡಗಿಯಷ್ಟು ಎತ್ತರದ ಯಾರೋ ಹೊರಗೆ ಬಂದ ಹಾಗೆ ಕಂಡಿತು ಎಂದು. ಅಷ್ಟು ಸಾಲದು. ಕರ್ತನೇ, ಅವಳ ನಾಲಿಗೆಗೆ ಬಲ ಕೊಡು.

ಜುಲೈ ೯, ಗುರುವಾರ

ಕರ್ತನು ಬಲ ಕೊಟ್ಟ.

ದೊಡ್ಡಮ್ಮ ಸಾಕ್ಷಿಕಟ್ಟೆ ಹತ್ತಿ ನಿಂತಾಗ ನಾನು ಬೆಂಚಿನ ಅಂಚಿಗೆ ಸರಿದು ಕೂತೆ. ಅವಳು ಮಾತ್ರ ಭಾನುವಾರ ಬೈಬಲ್ ವಾಕ್ಯ ಓದುವಷ್ಟೇ ನಿರಾಳ. ಸರ್ಕಾರಿ ವಕೀಲರು ಏನು ಕಂಡಿರಿ ಎಂದು ಕೇಳಿದರು. ಬಾಗಿಲು ತೆರೆಯಿತು, ಈ ಮನುಷ್ಯ ಹೊರಗೆ ಬಂದ ಎಂದು ಕಟಕಟೆಯ ಕಡೆ ಬೆರಳು ತೋರಿಸಿದಳು. ಯಾರೋ ಅಲ್ಲ, ಬಡಗಿಯಷ್ಟು ಎತ್ತರದವನೂ ಅಲ್ಲ, ಈ ಮನುಷ್ಯ. ನಾನು ಮನಸ್ಸಿನಲ್ಲೇ ಸ್ತೋತ್ರ ಹೇಳಿದೆ. ಆಮೇಲೆ ಅವಳು ಇನ್ನೂ ಹೇಳಿದಳು.

'ಟೋಪಿ ತೆಗೆದ. ಎರಡೂ ಕೈ ಟೋಪಿ ಒಳಮೈಗೆ ನಿಧಾನಕ್ಕೆ ಒರೆಸ್ಕೊಂಡ. ಮತ್ತೆ ಅದನ್ನೇ ತಲೆಗೆ ಹಾಕ್ಕೊಂಡು, ಏನೂ ಆಗಿಲ್ಲ ಅನ್ನೋ ಹಾಗೆ ಹೋದ.'

ನ್ಯಾಯಾಧೀಶರು ತಲೆ ಎತ್ತಿ ಅವಳನ್ನೇ ನೋಡಿ, ಬಗ್ಗಿ ಬರೆದುಕೊಂಡರು. ಪಾಟೀಸವಾಲಿನಲ್ಲಿ ಆರೋಪಿಯ ವಕೀಲ, ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಟೋಪಿಯೇ ಇಲ್ಲವಲ್ಲ ಎಂದು ಕೇಳಿದ. ದೊಡ್ಡಮ್ಮ ಒಂದಿಷ್ಟೂ ಅಳುಕಲಿಲ್ಲ. ಆಗ ಎದೆಯೇ ಒಡೆದುಹೋಗಿತ್ತು, ಆಮೇಲೆ ದಿನಾ ಪ್ರಾರ್ಥನೆ ಮಾಡುತ್ತಾ ಮಾಡುತ್ತಾ ಎಲ್ಲ ಸ್ಪಷ್ಟವಾಯಿತು ಅಂದಳು. ಅವಳು ಸುಳ್ಳು ಹೇಳುತ್ತಿಲ್ಲ ಎಂದು ಕಲ್ಲಿಗೂ ಗೊತ್ತಾಗುವಂತಿತ್ತು.

ಹೊರಗೆ ಸಭೆಯವರೆಲ್ಲ ಅವಳ ಕೈ ಕುಲುಕಿದರು. ಸರ್ಕಾರಿ ವಕೀಲರು ನನ್ನ ಹತ್ತಿರ ಬಂದು, 'ಆ ಟೋಪಿ ಒಂದೇ ಸಾಕು ಮೇಡಂ, ಜೀವಾವಧಿ ಗ್ಯಾರಂಟಿ' ಅಂದರು.

'ಏನೂ ಆಗಿಲ್ಲವೆಂಬಂತೆ' ಎನ್ನುವುದನ್ನು ನಾನು ಹಸ್ತಪ್ರತಿಯಲ್ಲಿ ಎರಡು ಸಲ ಹೊಡೆದುಹಾಕಿ ಮತ್ತೆ ಸೇರಿಸಿದ್ದೆ.

ಜುಲೈ ೧೦, ಶುಕ್ರವಾರ

ಟೋಪಿ ಅಪ್ಪನದು. ಸೈಕಲ್ಲಿನ ಚೈನು ಬಿದ್ದಾಗ ಎತ್ತಿ ಹಾಕಿ, ಮಸಿಯಾದ ಕೈಯನ್ನು ಟೋಪಿಯ ಒಳಗೆ ಒರೆಸಿ ತಲೆಗೆ ಹಾಕಿಕೊಳ್ಳುತ್ತಿದ್ದ. ಅಮ್ಮ ಬೈಯುತ್ತಿದ್ದಳು. ಆ ಅಧ್ಯಾಯ ಬರೆಯುವ ದಿನ ಅದು ನೆನಪಿಗೆ ಬಂತು, ಕೊಲೆಗಾರನಿಗೆ ಕೊಟ್ಟೆ.

ಬೇರೇನೂ ಬರೆಯಲಾರೆ.

ಜುಲೈ ೧೨, ಭಾನುವಾರ

ಆರಾಧನೆಯಲ್ಲಿ ಅಯ್ಯನವರು ದೊಡ್ಡಮ್ಮನನ್ನು ಎಬ್ಬಿಸಿ ನಿಲ್ಲಿಸಿ, ಸತ್ಯಕ್ಕೆ ಬಾಯಿ ಕೊಟ್ಟ ತಾಯಿ ಎಂದು ಕೊಂಡಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕೊನೆಯ ಬೆಂಚು ಖಾಲಿ ಇತ್ತು.

ಮಧ್ಯಾಹ್ನ ಅವಳ ಮನೆಗೆ ಹೋದೆ. ಊಟ ಬಡಿಸಿದಳು. ಸುತ್ತು ಬಳಸಿ ಕೇಳಿದೆ. ಆ ಟೋಪಿ, ನನ್ನ ಒಂಬತ್ತನೆಯ ಅಧ್ಯಾಯದಲ್ಲಿ ಇದೆಯಲ್ಲ ದೊಡ್ಡಮ್ಮ ಅಂದೆ. ಅವಳು ಗಾಬರಿಯಾಗಬಹುದು, ಸಿಟ್ಟಾಗಬಹುದು ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಮುಖ ಅರಳಿತು.

'ಅದೇ ಕಣೇ ಆಶ್ಚರ್ಯ. ನೀನು ಓದಿದಾಗ ನಂಗೆ ಮೈ ಜುಮ್ ಅಂತು. ನಾನು ಕಂಡಿದ್ದು ನಿಂಗೆ ಹೇಗೆ ಗೊತ್ತಾಯ್ತು? ದೇವರು ನಿಂಗೆ ತೋರಿಸಿದ, ಅದಕ್ಕೇ ನೀನು ಬರ್ದೆ. ನಂಗೆ ಮರೆತು ಹೋಗಿದ್ದನ್ನ ನಿನ್ನ ಕೈಯಿಂದ ನೆನಪು ಮಾಡಿಸಿದ.'

ಎಷ್ಟು ಸಲೀಸು. ನಾನು ಹೂಂ ಎಂದುಬಿಟ್ಟರೆ ಮುಗಿಯಿತು. ದೇವರು ಕಥೆಗಾರರ ಕೈ ಹಿಡಿದು ಬರೆಸುತ್ತಾನೆ ಎಂದು ನನ್ನ ಪುಸ್ತಕಗಳ ಮುನ್ನುಡಿಯಲ್ಲಿ ನಾನೇ ಬರೆದಿದ್ದೇನೆ. ಹಾಗೇ ಇರಬಹುದು. ಅಪ್ಪನ ನೆನಪನ್ನು ದೇವರು ಬಳಸಿಕೊಂಡಿರಬಹುದು. ಯಾಕಾಗಬಾರದು?

ಆರೋಪಿ ಟೋಪಿ ಹಾಕುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರನ್ನೂ ಕೇಳಿಯೇ ಇಲ್ಲ.

ಜುಲೈ ೧೫, ಬುಧವಾರ

ತಲೆನೋವು ಎಂದು ಕೂಟಕ್ಕೆ ಹೋಗಲಿಲ್ಲ. ಬರೆಯಲು ಕೂತೆ. ಕಿಟಕಿಯ ಹೆಂಗಸು ಬಾಯಿ ತೆರೆದರೆ ದೊಡ್ಡಮ್ಮನ ದನಿ ಬರುತ್ತಿತ್ತು. ಎದ್ದುಬಿಟ್ಟೆ.

ಯಜಮಾನರಿಗೆ ಎಲ್ಲ ಹೇಳಿದೆ. ಅವರು ಲೆಕ್ಕದ ಮೇಷ್ಟ್ರು, ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಒಂದು ಪ್ರಶ್ನೆ ಹಾಕುವ ಅಭ್ಯಾಸ. 'ನಿಂಗೆ ಅವನು ಬಿಡುಗಡೆ ಆಗ್ತಾನೆ ಅಂತ ಭಯಾನೋ, ಇಲ್ಲಾ ಕೊಂದೋರು ಯಾರೂ ಇಲ್ಲ ಅಂತ ಆಗಿಬಿಡುತ್ತೆ ಅಂತ ಭಯಾನೋ?'

ತಟ್ಟೆ ಕುಕ್ಕಿ ಎದ್ದು ಬಂದೆ. ಸತ್ತವನು ಅವರ ತಮ್ಮನಲ್ಲ, ಮಾತಾಡುವುದು ಸುಲಭ.

ಜುಲೈ ೧೭, ಶುಕ್ರವಾರ

ಎರಡು ದಿನದಿಂದ ಅವರ ಜೊತೆ ಮಾತಿಲ್ಲ. ಅವರು ಹಾರ್ಮೋನಿಯಂ ತಂದು ಹಜಾರದಲ್ಲಿಟ್ಟು, ಧೂಳು ಒರೆಸಿದರು. ಕೋಣೆ ಖಾಲಿ ಮಾಡಿದ್ದೂ ಅವರೇ. ನಾನು ಹೋಗಲಿಲ್ಲ.

ಜುಲೈ ೧೮, ಶನಿವಾರ

ಅಯ್ಯನವರ ಹತ್ತಿರ ಹೋದೆ. ಅವರು ಒಳ್ಳೆಯವರು. ತಮ್ಮನ ಶವದ ಪಕ್ಕದಲ್ಲಿ ನನ್ನ ಕೈ ಹಿಡಿದು ಕೂತವರು. ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಮೂಗು ಉಜ್ಜಿಕೊಂಡರು.

ಒಂದು ಟೋಪಿಯ ಮಾತು ತಾನೇ, ತೂಗಿ ನೋಡುವುದು ನ್ಯಾಯಾಧೀಶರ ಕೆಲಸ, ನಾವು ಪ್ರಾರ್ಥನೆ ಮಾಡೋಣ ಎಂದರು. ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ಬೈಬಲಿನಲ್ಲಿ ಇದೆಯಲ್ಲ ಅಂದೆ. ಆ ತಾಯಿ ಸುಳ್ಳು ಹೇಳಿಲ್ಲ, ನಂಬಿದ್ದನ್ನು ಹೇಳಿದ್ದಾಳೆ ಅಂದರು. ನಾನು ಎದ್ದು ಬಾಗಿಲ ಹತ್ತಿರ ಬಂದಾಗ ದನಿ ತಗ್ಗಿಸಿ ಹೇಳಿದರು.

'ಯೋಚನೆ ಮಾಡಿ ಅಮ್ಮಾ. ಯಾರೂ ನೂಕಿಲ್ಲ ಅಂದ್ರೆ, ಜನ ಇನ್ನೊಂದು ಪ್ರಶ್ನೆ ಕೇಳ್ತಾರೆ. ನಿಮ್ಮ ತಮ್ಮ ಸಡಿಲ ಮೆಟ್ಟಿಲು ಅಂತ ಗೊತ್ತಿದ್ದೂ ಯಾಕೆ ಹತ್ತಿದ ಅಂತ. ಅವನು ಸಭೆಯ ಸ್ಮಶಾನದಲ್ಲಿ ಮಲಗಿರೋ ಜಾಗದ ಬಗ್ಗೆಯೂ, ಅಂಥವರನ್ನ ಅಲ್ಲಿ ಹೂಳಬಹುದಾ ಅಂತ, ಹಿರಿಯರು ಮಾತು ಎತ್ತಬಹುದು.'

ಹಿಂದಿನ ಕೋಣೆಯ ಕುರ್ಚಿಗಳನ್ನು ಬುಧವಾರದ ಹಾಗೇ ದುಂಡಗೆ ಜೋಡಿಸಿಟ್ಟಿದ್ದರು. ಪ್ರಾರ್ಥನೆ ಮಾಡೋಣ ಎಂದು ಒಂದು ಕುರ್ಚಿಯಲ್ಲಿ ಕೂತೆ. ಬಾಯಿಗೆ ಬಂದದ್ದೆಲ್ಲ ನಾನು ಮೊದಲೇ ಯಾವುದಾದರೂ ಪಾತ್ರದಿಂದ ಹೇಳಿಸಿದ್ದ ಮಾತೇ. ಎದ್ದು ಬಂದೆ.

ಜುಲೈ ೨೧, ಮಂಗಳವಾರ

ಬಡಗಿಯ ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಯಜಮಾನರ ಅಂಗಿಗಳ ನೆಪ ಮಾಡಿಕೊಂಡು ಹೋದೆ. ನನ್ನ ಗುರುತು ಹಿಡಿದು ಇಸ್ತ್ರಿಪೆಟ್ಟಿಗೆ ನಿಲ್ಲಿಸಿಟ್ಟಳು. ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ಅತ್ತಿದ್ದರೆ ನನಗೆ ಸಲೀಸಾಗುತ್ತಿತ್ತು.

ನಿಮ್ಮ ಗಂಡ ಟೋಪಿ ಹಾಕುತ್ತಾರಾ ಎಂದು ಕೇಳಿದೆ. ಇಲ್ಲ ಅಂದಳು. ಮರದ ಹೊಟ್ಟು ಕೂರುತ್ತದೆಂದು ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಾರಂತೆ, ಅದೂ ಕೆಲಸದ ಹೊತ್ತಿಗೆ ಮಾತ್ರ. ಕೋರ್ಟಿನಲ್ಲಿ ಅದನ್ನು ಹೇಳಿದರೂ ಹೆಂಡತಿಯ ಮಾತಿಗೆ ಬೆಲೆ ಎಲ್ಲಿ ಎಂದಳು. ನನ್ನ ತಮ್ಮ ಮಧ್ಯಾಹ್ನ ಎಷ್ಟೋ ಸಲ ಗೋಪುರದ ಮೆಟ್ಟಿಲ ಮೇಲೆ ಬಡಗಿಯ ಪಕ್ಕ ಸುಮ್ಮನೆ ಕೂತಿರುತ್ತಿದ್ದನಂತೆ. ಅವಳು ಕಟ್ಟಿಕೊಟ್ಟ ಬುತ್ತಿಯಲ್ಲಿ ಎರಡು ತುತ್ತು ತಿಂದು, ಮಾತಿಲ್ಲದೆ ಎದ್ದು ಹೋಗುತ್ತಿದ್ದನಂತೆ. ಆ ಮನುಷ್ಯ ಸರಿಯಿಲ್ಲ ಕಣೇ, ಒಬ್ಬನನ್ನೇ ಬಿಡಬಾರದು ಎಂದು ಗಂಡ ಮನೆಯಲ್ಲಿ ಹೇಳಿದ್ದರಂತೆ. ಆ ಸಂಜೆ ಹತ್ತಬೇಡಿ ಎಂದು ಕೂಗಾಡಿ, ಮೊಳೆ ತಂದು ಇವತ್ತೇ ಹೊಡೆದುಬಿಡುತ್ತೇನೆ ಎಂದು ಅಂಗಡಿಗೆ ಓಡಿದ್ದರಂತೆ. ಅಂಗಡಿ ಮುಚ್ಚಿತ್ತಂತೆ, ಅಲ್ಲಿ ಅವರನ್ನು ಕಂಡವರು ಯಾರೂ ಇಲ್ಲ.

ನನಗೆ ಅವಳ ಮೇಲೆ ಸಿಟ್ಟು ಬಂತು. ನನ್ನ ತಮ್ಮ ಸರಿಯಿಲ್ಲ ಎನ್ನಲು ಇವರು ಯಾರು? ಆದರೆ ನನಗೆ ತಿಳಿಯದ್ದು ಅವರಿಗೆ ತಿಳಿದಿತ್ತು. ಅವನು ಅವರ ಬುತ್ತಿಯಲ್ಲಿ ತಿಂದ.

ಅಂಗಿಗಳನ್ನು ಮಡಿಸಿ ಕೊಡುತ್ತಾ ಅವಳು ಕೇಳಿದಳು, 'ಬುಧವಾರದ ಕಥೆ ವಿಷಯ ನಂಗೂ ಗೊತ್ತಮ್ಮಾ. ಸಭೇಲಿ ಎಲ್ರೂ ಮಾತಾಡ್ತಾರೆ. ಅದರಲ್ಲಿ ನಮ್ಮನೆಯವರಿಗೆ ಹೆಂಡ್ತಿ ಇದ್ದಾಳಾ?'

ಇಲ್ಲ. ಇಟ್ಟಿಲ್ಲ. ಕೊಲೆಗಾರನಿಗೆ ಹೆಂಡತಿ ಇದ್ದರೆ ಓದುಗರಿಗೆ ಕನಿಕರ ಬರುತ್ತದೆ ಎಂದು ಎರಡನೆಯ ಅಧ್ಯಾಯದಲ್ಲೇ ತೆಗೆದುಹಾಕಿದ್ದೆ. ಅವಳಿಗೆ ಅದನ್ನು ಹೇಳಲಾಗಲಿಲ್ಲ. ಹೇಳದಿದ್ದರೂ ಅವಳಿಗೆ ತಿಳಿಯಿತು.

ಜುಲೈ ೨೩, ಗುರುವಾರ

ಬಡಗಿಯ ವಕೀಲನ ಕಚೇರಿಗೆ ಹೋಗಿ ಎಲ್ಲ ಹೇಳಿದೆ. ಆತನಿಗೆ ನೆಗಡಿ. ಮೊದಲು ಕರವಸ್ತ್ರದ ಹಿಂದಿನಿಂದ ಅನುಮಾನದಲ್ಲಿ ನೋಡಿದ, ಆಮೇಲೆ ನೆಗಡಿಯನ್ನೇ ಮರೆತ. ನಿಮ್ಮನ್ನು ಸಾಕ್ಷಿಯಾಗಿ ಕರೆಯಬೇಕಾಗುತ್ತದೆ, ತಮ್ಮನ ಬಗ್ಗೆ ಎದುರಿನವರು ಏನು ಬೇಕಾದರೂ ಕೇಳಬಹುದು, ಗೊತ್ತಲ್ಲ ಮೇಡಂ ಅಂದ. ಗೊತ್ತು ಅಂದೆ. ನಾನೂ ಒಂದು ಕಾಲದಲ್ಲಿ ಕೇಳುತ್ತಿದ್ದವಳೇ.

ದೊಡ್ಡಮ್ಮನಿಗೆ ನಾನೇ ಹೋಗಿ ತಿಳಿಸಿದೆ. ಬಾಗಿಲು ಹಾಕಿಕೊಂಡಳು.

ಜುಲೈ ೩೦, ಗುರುವಾರ

ಆದದ್ದನ್ನು ಆದ ಹಾಗೇ ಬರೆಯಬೇಕು. ನನಗೆ ಅದು ಅಭ್ಯಾಸವಿಲ್ಲ.

ಪ್ರಾರ್ಥನಾ ಕೂಟದ ಹೆಂಗಸರು ಎರಡು ಬೆಂಚು ತುಂಬಿದ್ದರು, ನಡುವೆ ದೊಡ್ಡಮ್ಮ. ಒಬ್ಬರೂ ನನ್ನ ಮುಖ ನೋಡಲಿಲ್ಲ. ನಾನು ಸಾಕ್ಷಿಕಟ್ಟೆಯಲ್ಲಿ ನಿಂತು, ಟೋಪಿ ನನ್ನ ಕಲ್ಪನೆ, ನಮ್ಮಪ್ಪನ ಅಭ್ಯಾಸ, ಆರೋಪಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಿದೆ. ಸರ್ಕಾರಿ ವಕೀಲರು ಬಿಡುತ್ತಾರೆಯೇ? ನಿಮ್ಮ ದೊಡ್ಡಮ್ಮ ಕಂಡದ್ದನ್ನು ಮೊದಲೇ ನಿಮಗೆ ಹೇಳಿರಬಹುದು, ನೀವು ಅದನ್ನೇ ಬರೆದಿರಬಹುದು, ಈಗ ಯಾರದೋ ಒತ್ತಡಕ್ಕೆ ಮಾತು ತಿರುಗಿಸುತ್ತಿದ್ದೀರಿ ಎಂದರು. ಒಳ್ಳೆಯ ಪ್ರಶ್ನೆ. ಇಲ್ಲ ಅಂದೆ.

ಆಮೇಲೆ ತಮ್ಮನ ವಿಷಯಕ್ಕೆ ಬಂದರು. ಕೊನೆಯ ದಿನಗಳಲ್ಲಿ ಹೇಗಿದ್ದರು, ಜೀವನದಲ್ಲಿ ಉತ್ಸಾಹವಿತ್ತಲ್ಲವೇ ಎಂದು ಕೇಳಿದರು. ಹೂಂ ಎಂಬ ಉತ್ತರಕ್ಕಾಗಿಯೇ ಹೆಣೆದ ಪ್ರಶ್ನೆ ಅದು.

'ಅವನು ಹಾಡೋದು ನಿಲ್ಲಿಸಿದ್ದ' ಅಂದೆ. 'ಬಹಳ ದಿನದಿಂದ. ನಾನು ಕೇಳಲಿಲ್ಲ.'

ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಯ್ಯನವರು ತಲೆ ತಗ್ಗಿಸಿದ್ದು ಕಂಡಿತು.

ಆ ಭಾಗವನ್ನು ಓದಿ ಹೇಳಿ ಎಂದು ನ್ಯಾಯಾಧೀಶರು ಹೇಳಿದರು. ಹಸ್ತಪ್ರತಿ ತೆಗೆದು ಓದಿದೆ. ಎಷ್ಟು ಬೇಡವೆಂದರೂ ನನ್ನ ದನಿ ಬುಧವಾರದ ದನಿಯೇ ಆಯಿತು, ನಿಲ್ಲಿಸುವಲ್ಲಿ ನಿಲ್ಲಿಸಿ, ತಗ್ಗಿಸುವಲ್ಲಿ ತಗ್ಗಿಸಿ. ಅವನು ಬಾಗಿಲು ತೆರೆದು ಹೊರಗೆ ಬಂದ. ಟೋಪಿ ತೆಗೆದ. ಎರಡೂ ಕೈಗಳನ್ನು ಅದರ ಒಳಮೈಗೆ ನಿಧಾನವಾಗಿ ಒರೆಸಿಕೊಂಡ. ಮತ್ತೆ ಅದನ್ನೇ ತಲೆಗೆ ಹಾಕಿಕೊಂಡು, ಏನೂ ಆಗಿಲ್ಲವೆಂಬಂತೆ, ಕತ್ತಲೆಗೆ ನಡೆದ.

ಹಾಳೆ ಕೆಳಗಿಟ್ಟೆ.

'ಆಮೆನ್' ಎಂದರು ಎರಡು ಬೆಂಚಿನ ಹೆಂಗಸರು, ಒಟ್ಟಿಗೆ.

ಕೆಲವರು ಕೂಡಲೇ ಬಾಯಿಗೆ ಕೈ ಇಟ್ಟುಕೊಂಡರು. ಯಾರೋ ಗುಮಾಸ್ತ ಕಿಸಕ್ಕನೆ ನಕ್ಕ. ಎಲ್ಲರಿಗಿಂತ ಗಟ್ಟಿಯಾಗಿ ಅಂದವಳು ದೊಡ್ಡಮ್ಮ, ಕಣ್ಣು ಮುಚ್ಚಿಕೊಂಡು, ಕೈ ಜೋಡಿಸಿಕೊಂಡು. ನ್ಯಾಯಾಧೀಶರು ಅವಳನ್ನು ಎದ್ದು ನಿಲ್ಲಲು ಹೇಳಿ, ಗದರದೆ ಕೇಳಿದರು, 'ಯಾಕಮ್ಮ ಆಮೆನ್ ಅಂದ್ರಿ?'

'ಅಧ್ಯಾಯ ಮುಗೀತಲ್ಲ ಸ್ವಾಮಿ' ಅಂದಳು ದೊಡ್ಡಮ್ಮ.

ಹಾಗೆ ಹೇಳಿ ನಿಂತೇ ಇದ್ದಳು. ತಾನು ಏನು ಹೇಳಿದೆ ಎನ್ನುವುದು ಅವಳಿಗೆ ನಿಧಾನವಾಗಿ ತಿಳಿಯಿತು. ಅದನ್ನು ನಾನು ಅವಳ ಮುಖದ ಮೇಲೆ ನೋಡಿದೆ, ಕೋರ್ಟು ಪೂರ್ತಿ ನೋಡಿತು. ಪಕ್ಕದವಳು ಸೆರಗು ಎಳೆದು ಕೂರಿಸಿದಳು. ಬಡಗಿ ಕಟಕಟೆಯಲ್ಲಿ ಬಗ್ಗಿ ಹಣೆಯನ್ನು ಕಂಬಿಗೆ ಒತ್ತಿಕೊಂಡಿದ್ದ.

ನನ್ನನ್ನು ಸಾಕಿದ ಹೆಂಗಸನ್ನು ಊರ ಮುಂದೆ ನಿಲ್ಲಿಸಿದೆ.

ಆಗಸ್ಟ್ ೧೪, ಶುಕ್ರವಾರ

ಬಿಡುಗಡೆ. ಸಾಕ್ಷ್ಯ ಸಾಲದು. ಸಾವು ಹೇಗಾಯಿತೆಂದು ಈ ನ್ಯಾಯಾಲಯ ಹೇಳಲಾರದು ಎಂದು ತೀರ್ಪಿನಲ್ಲಿದೆ.

ಕೋರ್ಟಿನ ಮೆಟ್ಟಿಲ ಮೇಲೆ ಬಡಗಿಯವರು ಎದುರಾದರು. ಏನೋ ಹೇಳಬೇಕೆಂದು ನಿಂತೆ. ಅವರೂ ನಿಂತರು. ಹೆಂಡತಿ ಅವರ ತೋಳು ಹಿಡಿದು ಕರೆದುಕೊಂಡು ಹೋದಳು.

ಪ್ರಕಾಶಕರು ಫೋನು ಮಾಡಿದ್ದರು. ಪತ್ರಿಕೆಯಲ್ಲೆಲ್ಲ ಬಂದಿದೆ, ಇದೇ ಒಳ್ಳೇ ಸಮಯ, ಬೇಗ ಮುಗಿಸಿ ಕೊಡಿ ಅಂದರು. ಕೊನೆ ಗೊತ್ತಿಲ್ಲ ಅಂದೆ. ನಿಮಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ ಮೇಡಂ ಎಂದು ನಕ್ಕರು.

ಆಗಸ್ಟ್ ೧೯, ಬುಧವಾರ

ಕೂಟ ನಿಂತಿದೆ. ಆ ಕೋಣೆಯಲ್ಲಿ ಈಗ ಮಡಿಸಿದ ಕುರ್ಚಿ ಇಟ್ಟಿದ್ದಾರಂತೆ. ಭಾನುವಾರ ಕೊನೆಯ ಬೆಂಚಿನಲ್ಲಿ ನಾನೂ ಯಜಮಾನರೂ ಕೂತಿದ್ದೆವು. ನಮ್ಮ ಪಕ್ಕ ಬೇಕಾದಷ್ಟು ಜಾಗ.

ಸಂಜೆ ದೊಡ್ಡಮ್ಮ ಹೇಳಿ ಕಳಿಸಿದಳು. ಹೋದೆ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಳು, ಇಳಿದುಹೋಗಿದ್ದಾಳೆ. ಬೈಯುತ್ತಾಳೆ ಎಂದುಕೊಂಡು ನಿಂತೇ ಇದ್ದೆ. ಕೂತ್ಕೋ ಅಂದಳು. ಹೊತ್ತು ಮುಳುಗುತ್ತಿತ್ತು. ರಸ್ತೆಯಾಚೆ ಗೋಪುರದ ಬಾಗಿಲು ಕಾಣುತ್ತಿತ್ತು. ಯಾರೋ ಅದರ ಮುಂದೆ ಹಾದುಹೋದರು. ಗಂಡಸು ಎಂದು ತಿಳಿಯಿತೇ ಹೊರತು ಮುಖ ತಿಳಿಯಲಿಲ್ಲ.

'ಈಗಲೂ ಟೋಪಿನೇ ಕಾಣುತ್ತೆ ಕಣೇ' ಅಂದಳು. 'ನೀನೇ ಇಟ್ಟಿದ್ದು. ತೆಗಿಯೋಕಾಗುತ್ತಾ?'

ಆಗಲ್ಲ ದೊಡ್ಡಮ್ಮ ಅಂದೆ. ಮೊದಲಾಗಿದ್ದರೆ ಏನಾದರೂ ಹೇಳಿ ಸಮಾಧಾನ ಮಾಡುತ್ತಿದ್ದೆ. ಅವಳು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು, ಮತ್ತೆ ತೆಗೆದಳು.

'ಕೈ ತಲೆ ಹತ್ರ ಹೋಗಿದ್ದು ಮಾತ್ರ ನಿಜ' ಅಂದಳು. 'ಅದನ್ನ ನೀನು ಇಟ್ಟಿದ್ದಲ್ಲ.'

ನಾನು ಏನನ್ನೂ ಹೇಳಿಕೊಡಲಿಲ್ಲ. ಉಸಿರು ಕೂಡ ಮೆಲ್ಲಗೆ ಬಿಟ್ಟೆ.

'ಹೊರಗೆ ಬಂದ. ಬಂದು ನಿಂತ. ಬಹಳ ಹೊತ್ತು ನಿಂತ. ಆಮೇಲೆ ಕೈ ಎತ್ತಿದ, ಈ ಕಡೆ ನೋಡಿ. ಯಾರಾದ್ರೂ ಹೊರಗೆ ಬಂದ್ರಾ ಅಂತ ಪೊಲೀಸರು ಕೇಳಿದ್ರು, ಬಂದ್ರು ಅಂದೆ. ಆಮೇಲೆ ಎಲ್ಲಿ ಹೋದ ಅಂತ ಯಾರೂ ಕೇಳಲಿಲ್ಲ. ನಿನ್ನ ಕಥೇಲೂ ಅವನು ಹೊರಟು ಹೋದ.' ಅವಳ ದನಿ ಸಣ್ಣಗಾಯಿತು. 'ಹೋಗಲಿಲ್ಲ ಕಣೇ. ಮತ್ತೆ ಒಳಗೆ ಹೋದ.'

ಈ ಕಿಟಕಿಗೆ ಕೈ ಎತ್ತುವವನು ಊರಿನಲ್ಲಿ ಒಬ್ಬನೇ ಇದ್ದ. ಅವಳಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಹೆಸರು ಹೇಳಲಿಲ್ಲ.

ಆ ಸಂಜೆ ಒಲೆಯ ಮೇಲೆ ಹಾಲಿಟ್ಟಿದ್ದೆ, ಉಕ್ಕುತ್ತೆ ಅಂತ ಎದ್ದು ಹೋದೆ, ವಾಪಸ್ ಕೈ ಎತ್ತಲಿಲ್ಲ ಅಂದಳು. ನಾನು ಅವಳ ಕೈ ಹಿಡಿದುಕೊಂಡೆ. ಮೂಳೆ ಮಾತ್ರ ಸಿಕ್ಕಿತು. ಹೊರಗೆ ಬಾಗಿಲು ಕತ್ತಲೆಯಲ್ಲಿ ಸೇರಿಹೋಯಿತು, ದೀಪ ಹಾಕಲು ಇಬ್ಬರೂ ಏಳಲಿಲ್ಲ.

'ಆಮೇಲೆ ಏನಾಯ್ತೇ?' ಎಂದು ಕೇಳಿದಳು ದೊಡ್ಡಮ್ಮ, ನನ್ನ ಸೆರಗು ಹಿಡಿದು.

ಗೊತ್ತಿಲ್ಲ ದೊಡ್ಡಮ್ಮ ಅಂದೆ.